ಶಿವಲೀಲಾ ಕಿತ್ತು ತಂದ ಗಿಡ

ನಾನು ಒಂದು ತೈಲಚಿತ್ರ. ಗದಗಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ಗುರುಸಿದ್ದಪ್ಪನವರು ಮನೆಯ ಪಡಸಾಲೆಯಲ್ಲಿ ಹದಿಮೂರರ ಮಗಳು ಶಿವಲೀಲಾಳನ್ನು ಎದುರಿಗೆ ಕೂರಿಸಿಕೊಂಡು ನನ್ನನ್ನು ಬರೆದರು. ಅವಳ ಕೈಗೆ ಮೊಗ್ಗು ತುಂಬಿದ ಮಲ್ಲಿಗೆ ಬಳ್ಳಿ ಕೊಟ್ಟರು. ಮೊಗ್ಗೆಂದರೆ ಅರಳಲಿರುವ ಹುಡುಗಿ ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಅರ್ಧ ಬಣ್ಣ ಬಿದ್ದಿರುವಾಗ ಶಿವಲೀಲಾ ಮೈನೆರೆದಳು. ಮನೆ ತುಂಬ ಆರತಿ, ಹಾಡು, ಕೊಬ್ಬರಿ ಬೆಲ್ಲ. ಹನ್ನೊಂದು ದಿನ ಅವಳು ನನ್ನ ಮುಂದೆ ಕೂರಲಿಲ್ಲ. ತಿರುಗಿ ಬಂದಾಗ ಮುಖ ಅದೇ, ಆದರೆ ಮಾಸ್ತರರ ಕುಂಚಕ್ಕೆ ಸಿಗಲೊಲ್ಲದು. ಮೂರು ಸಲ ಕಣ್ಣು ಬರೆದು ಮೂರು ಸಲ ಒರೆಸಿದರು. ಅವಳು ಶಾಲೆಯ ಖೋಖೋ ತಂಡದಲ್ಲಿದ್ದಳು. "ಇನ್ನ ಮ್ಯಾಲೆ ಮೈದಾನ ಬಂದ್" ಎಂದಿದ್ದರು ತಾಯಿ ದಾನಮ್ಮ.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಶಿವಲೀಲಾ ಬಣ್ಣ ಕೆರೆಯುವ ಚಾಕು ಹಿಡಿದು ಬಂದು ನನ್ನ ಮಲ್ಲಿಗೆಯನ್ನು ಕೆರೆದುಹಾಕಿದಳು. ಸಿಟ್ಟೆಂದುಕೊಂಡೆ. ನೋಡಿದರೆ ಅಳುತ್ತಿದ್ದಳು.

ಮಾಸ್ತರರು ಬಂದು ನಿಂತೇಬಿಟ್ಟರು. "ಯಾಕವಾ?"

"ಗೊತ್ತಿಲ್ಲಪ್ಪಾ."

"ಮತ್ತ ಕೈಯಾಗ ಏನ್ ಬರೀಲಿ?"

"ಅದೂ ಗೊತ್ತಿಲ್ಲ" ಎಂದವಳೇ ಹೊರಗೆ ಓಡಿದಳು. ಬಂದದ್ದು ಸಂಜೆಗೆ, ಮೈದಾನದ ಅಂಚಿನಿಂದ ಬೇರುಸಹಿತ ಕಿತ್ತ ಗಿಡವೊಂದನ್ನು ಹಿಡಿದುಕೊಂಡು. ಹೂವಿಲ್ಲ, ಎಲೆಯೆಲ್ಲ ಧೂಳು. ಯಾವ ಗಿಡವೋ ಮಾಸ್ತರರಿಗೂ ತಿಳಿಯಲಿಲ್ಲ. ಅವರು ಬೈಯಲಿಲ್ಲ. "ಕೂಡ್ರು" ಎಂದು ಆ ಗಿಡವನ್ನೂ ಅವಳ ಮಣ್ಣಾದ ಕಾಲನ್ನೂ ಕಂಡಂತೆಯೇ ಬರೆದರು.

ದಾನಮ್ಮ ನನ್ನ ಮುಂದೆ ಬಂದು ನಿಂತರು. "ಬರಿಯೋಕಿಂತ ಮೊದಲ ಕಾಲಾದ್ರೂ ತೊಳಸಬಾರದಿತ್ತ?" ಎಂದರು. ಮರುವಾರದಿಂದ ಶಿವಲೀಲಾ ಆಡಲು ಹೋಗತೊಡಗಿದಳು. ದಾನಮ್ಮ ದಿನಾ ಬೈದರು, ದಿನಾ ಬಾಗಿಲಲ್ಲಿ ಕಾಲಿಗೆ ನೀರನ್ನೂ ಇಟ್ಟರು. ಬೇಡವೆಂದರೋ ಹೋಗೆಂದರೋ, ನನಗೆ ಇಂದಿಗೂ ಬಗೆಹರಿದಿಲ್ಲ.

ಆಮೇಲೆ ಹುಬ್ಬಳ್ಳಿಯ ಪ್ರದರ್ಶನವೊಂದಕ್ಕೆ ಹೋದೆ. ಗಿಡವೆಂದರೆ ಬಡತನ ಎಂದರು ಒಬ್ಬರು, ಬಂಡಾಯ ಎಂದರು ಇನ್ನೊಬ್ಬರು. ಮಾಸ್ತರರು ಇಬ್ಬರಿಗೂ ತಲೆಯಾಡಿಸಿದರು. ಅವರು ತೀರಿಕೊಂಡ ಮೇಲೆ ಅವರ ಶಾಲೆಯೇ ನನ್ನನ್ನು ಇಟ್ಟುಕೊಂಡಿತು. ಈಗ ಡ್ರಾಯಿಂಗ್ ಕೋಣೆಯ ಮೂಲೆ ನನ್ನದು. ಬಣ್ಣ ಬಿರಿದಿದೆ, ಹಸಿರು ಕಂದಾಗಿದೆ.

ಮೊನ್ನೆ ಎಂಟನೆಯ ತರಗತಿಯ ಹುಡುಗಿಯರಿಬ್ಬರು ಎದುರು ನಿಂತರು.

"ಈಕಿ ಅಂಜ್ಯಾಳೋ, ಸಿಟ್ಟಾಗ್ಯಾಳೋ?" ಎಂದಳು ಒಬ್ಬಳು.

"ಎರಡೂ ಇರ್ತೈತಿ ಬಿಡ" ಎಂದಳು ಇನ್ನೊಬ್ಬಳು. ಆಮೇಲೆ ಮೆಲ್ಲಗೆ, "ನನಗೂ ಹಂಗ ಆಗ್ತೈತಿ."

ನನ್ನ ಅರ್ಥ ಹೇಳಿದವರು ಬಹಳ ಮಂದಿ. ‘ನನಗೂ’ ಎಂದವಳು ಇವಳೊಬ್ಬಳೇ.