ಚೆಸಾರಿಯತ್ತೆ ಎಸೆಯದ ಬ್ರೆಡ್ಡು

ವಿದೇಶದಲ್ಲಿ ಬೆಳೆದ ಹುಡುಗನೊಬ್ಬ ಇಟಲಿಯ ಬಾರಿ ಎಂಬ ನಮ್ಮೂರಿನ ಹಳೇ ಗಲ್ಲಿಗೆ ತನ್ನ ಇಟಾಲಿಯನ್ ಅತ್ತೆಯನ್ನು ಹುಡುಕಿಕೊಂಡು ಬರುತ್ತಾನೆ. ಅತ್ತೆ ಕಿರುಚುತ್ತಾಳೆ, ಅಳುತ್ತಾಳೆ, ತಿನ್ನಿಸುತ್ತಾಳೆ. ಮನೆಮಂದಿಯೆಲ್ಲ ಕೂತು ನೋಡಿ ನಗಬೇಕು. ಇಷ್ಟೇ ಸಿನಿಮಾ. ಆ ಅತ್ತೆಯ ಪಾತ್ರಕ್ಕೆ ಮಿಲಾನಿನ ನಿರ್ದೇಶಕ ತಂಕ್ರೇದಿ ಆರಿಸಿದ್ದು ನನ್ನ ಸ್ವಂತ ಅತ್ತೆ ಚೆಸಾರಿಯಾಳನ್ನು. ಅದೇ ತಂಡದಲ್ಲಿ ನಾನು ದೀಪದ ಕಂಬ ಹೊರುತ್ತಿದ್ದೆ. ಅರ್ಧಕ್ಕೆ ಸ್ಕೂಲು ಬಿಟ್ಟವನಿಗೆ ಅಷ್ಟಾದರೂ ಸಿಕ್ಕಿತಲ್ಲ ಎಂದು ಗಲ್ಲಿ ಆಡಿಕೊಂಡಿತು.

ಅತ್ತೆಗೆ ಆ ಪಾತ್ರ ಬೇಕೇ ಬೇಕಿತ್ತು. ಬಾಗಿಲ ಮುಂದೆ ಕೂತು ಹಿಟ್ಟು ತೀಡಿ ಪಾಸ್ತಾ ಮಾಡುತ್ತಲೇ ಮುದುಕಿಯಾದವಳು. ಪ್ರವಾಸಿಗರು ಕೇಳದೆಯೇ ಅವಳ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ಈಗ ಮೊದಲ ಸಲ ಯಾರೋ ಹೆಸರು ಕೇಳಿ, ಕುರ್ಚಿ ಹಾಕಿ ಕೂರಿಸಿದ್ದರು.

ಚಪ್ಪಲಿ ಎಸೆಯಿರಿ ಎಂದರು, ಎಸೆದಳು. ತಟ್ಟೆ ಒಡೆಯಿರಿ ಎಂದರು, ಹೇಳಿದ್ದಕ್ಕಿಂತ ಹೆಚ್ಚೇ ಒಡೆದಳು. ಆಮೇಲೆ ತಂಕ್ರೇದಿ ಮೇಜಿನ ಮೇಲಿದ್ದ ದಪ್ಪ ಬ್ರೆಡ್ಡು ತೋರಿಸಿದ.

"ಇದನ್ನ ಆ ಹುಡುಗನ ತಲೆಗೆ ಬಿಸಾಕಿ, ಅಮ್ಮಾ. ಜನ ಬಿದ್ದು ಬಿದ್ದು ನಗ್ತಾರೆ."

"ಬ್ರೆಡ್ಡನ್ನಾ? ಆಗಲ್ಲ."

"ಇದು ಸ್ಪಂಜಮ್ಮಾ! ಮುಟ್ಟಿ ನೋಡಿ."

"ನಂಗೊತ್ತು. ಸಿನಿಮಾ ನೋಡೋರು ಮುಟ್ಟಿ ನೋಡ್ತಾರೇನಪ್ಪಾ? ಅವರಿಗೆ ಕಾಣೋದು ಬ್ರೆಡ್ಡೇ."

"ಬರೀ ತಮಾಷೆಗೆ."

"ನಿಮ್ಮ ಕಡೆ ತಮಾಷೆ, ನಮ್ಮ ಕಡೆ ಪಾಪ. ನಮ್ಮವ್ವ ಇದ್ದಿದ್ರೆ ಇಷ್ಟೊತ್ತಿಗೆ ನಿನ್ನ ಕೆನ್ನೆ ಊದಿರೋದು."

ತಂಕ್ರೇದಿ ಎದುರುಮನೆಯ ನುನ್ಸ್ಯಾಳನ್ನು ಕರೆಸಿದ. ಬಟ್ಟೆ ಒಣಹಾಕುವ ಹಗ್ಗದ ಜಗಳದಲ್ಲಿ ಅವಳಿಗೂ ಅತ್ತೆಗೂ ಮಾತು ನಿಂತು ವರ್ಷಗಳಾಗಿದ್ದವು. ನುನ್ಸ್ಯಾ ಅತ್ತೆಯ ಏಪ್ರನ್ನನ್ನೇ ಕಟ್ಟಿಕೊಂಡಳು, ಶಿಲುಬೆಯ ಗುರುತು ಹಾಕಿಕೊಂಡಳು, ಕಣ್ಣು ಮುಚ್ಚಿ ಎಸೆದೇಬಿಟ್ಟಳು. ಬ್ರೆಡ್ಡು ಹುಡುಗನ ಹಣೆಗೆ ಬಡಿದು ನೆಲಕ್ಕೆ ಬಿತ್ತು.

ಅತ್ತೆ ಮೂಲೆಯಿಂದ ಓಡಿ ಬಂದಳು. ಎತ್ತಿಕೊಂಡಳು, ಧೂಳು ಊದಿದಳು, ಮುತ್ತಿಟ್ಟಳು. ಸ್ಪಂಜಿಗೆ! ತಂಡವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನುನ್ಸ್ಯಾ ಮಾತ್ರ ನಗಲಿಲ್ಲ.

"ಅದ್ಭುತ!" ಎಂದ ತಂಕ್ರೇದಿ. "ಇನ್ನೊಂದ್ಸಲ! ಅವರು ಎಸೀಲಿ, ನೀವು ಮುತ್ತಿಡಿ!"

"ಮುತ್ತು ನಿನ್ನ ಕ್ಯಾಮೆರಾಗಲ್ಲ ಕಣೋ," ಎನ್ನುತ್ತ ಅತ್ತೆ ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ, ತನ್ನ ಮನೆಯ ಚಿಲಕ ಹಾಕಿಕೊಂಡಳು. ತಂಡದ ಹತ್ತಿರ ಇದ್ದ ಸ್ಪಂಜಿನ ಬ್ರೆಡ್ಡು ಅದೊಂದೇ. ಶೂಟಿಂಗ್ ನಿಂತಿತು. ತಂಕ್ರೇದಿ ನನ್ನ ಕಡೆ ತಿರುಗಿದ.

"ವೀತೊ, ನಿಮ್ಮತ್ತೆ ಹತ್ರ ಅದನ್ನ ಇಸ್ಕೊಂಡು ಬಾ. ಇಲ್ದಿದ್ರೆ ನಾಳೆಯಿಂದ ಬರಬೇಡ."

ಕಂಬವನ್ನು ಅವನ ಕಾಲ ಬಳಿ ಇಳಿಸಿದೆ. ಕಾಲ ಮೇಲೇ ಇಳಿಸಬೇಕಿತ್ತು. "ನಾಳೆ ಯಾಕೆ ಸ್ವಾಮಿ, ಇವತ್ತೇ ಹೋದೆ. ನಿಮಗೂ ಬಾಯಿದೆಯಲ್ಲ, ನೀವೇ ಕೇಳ್ಕೊಳ್ಳಿ."

ಅವನು ಗಲ್ಲಿಯಲ್ಲಿ ನಿಂತು ಕತ್ತೆತ್ತಿ ಕೂಗಿದ. ಬಾಲ್ಕನಿಗಳೆಲ್ಲ ತುಂಬಿದವು. ಅತ್ತೆಯ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಯಿತು, ದಿನವೂ ತರಕಾರಿಯವನಿಗೆ ಇಳಿಯುವ ಬುಟ್ಟಿಯೇ. ಅದರೊಳಗೆ ಬೆಳಿಗ್ಗೆ ಬೇಕರಿಯಿಂದ ತಂದ ನಿಜವಾದ ಬ್ರೆಡ್ಡಿತ್ತು.

"ತಗೊಳ್ಳಪ್ಪಾ ದೊಡ್ಡ ಮನುಷ್ಯ! ನಗಿಸ್ಬೇಕಲ್ವಾ? ಇಡೀ ಗಲ್ಲಿ ಮುಂದೆ ನೀನೇ ಎಸೆದು ತೋರ್ಸು. ಆಮೇಲೆ ನಾನೂ ಎಸೀತೀನಿ."

ತಂಕ್ರೇದಿ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡ. ಸುತ್ತ ನೋಡಿದ. ಅವನ ಕೈ ಎದೆಯಿಂದ ಮೇಲಕ್ಕೆ ಹೋಗಲಿಲ್ಲ.

ಮೊದಲು ಬಾಯಿ ಬಿಟ್ಟವಳು ನುನ್ಸ್ಯಾ. "ಅಯ್ಯೋ ಮಂಕೇ, ಕವುಚಿ ಹಿಡಿದಿದೀಯಲ್ಲೋ! ಬ್ರೆಡ್ಡಿನ ಮುಖ ನೆಲ ನೋಡಬಾರ್ದು, ತಿರುಗ್ಸು!"

"ತಿರುಗ್ಸೋ!" ಬಾಲ್ಕನಿಗಳೆಲ್ಲ ಕೂಗಿದವು. ನಾನೂ ಗಂಟಲು ಹರಿಯುವಂತೆ ಕೂಗಿದೆ.

ಅವನು ತಿರುಗಿಸಿ ಹಿಡಿದ.