ಎರವಲು ಡಬ್ಬ

ಪರೀಕ್ಷಾ ಅಂಗಳದ ಗೇಟು ನಾಲ್ಕು ಗಂಟೆಗೆ ಮುಚ್ಚುತ್ತಿತ್ತು. ಇನ್ನು ಐದು ನಿಮಿಷವಿದೆ ಎನ್ನುವಾಗ ಹಳೆಯ ನೀಲಿ ಕಾರು ಒಳಗೆ ಬಂದು ಸಾಲಿನ ಕೊನೆಯಲ್ಲಿ ನಿಂತಿತು. ಮುಂದೆ ನಾಲ್ಕು ಗಾಡಿಗಳಿದ್ದವು. ಎಡಕ್ಕೂ ಬಲಕ್ಕೂ ಸೊಂಟದೆತ್ತರದ ಕಬ್ಬಿಣದ ಕಂಬಿ. ಒಮ್ಮೆ ಒಳಗೆ ಬಂದ ಗಾಡಿ ಪರೀಕ್ಷೆ ಮುಗಿಸಿಯೇ ಹೊರಗೆ ಹೋಗಬೇಕು. ಹಿಂದಕ್ಕೆ ಹೊರಳಿದರೆ ಫೇಲಾದಂತೆಯೇ ಸರಿ.

ಈ ಕಾರು ಹೋದ ವಾರ ಒಮ್ಮೆ ಫೇಲಾಗಿತ್ತು. ಇಂದು ಕೊನೆಯ ಅವಕಾಶ. ಇಂದೂ ಹೋಯಿತೆಂದರೆ ಅಲ್ಲೇ ನಂಬರ್ ಪ್ಲೇಟು ಬಿಚ್ಚಿ ಗಾಡಿಯನ್ನು ಗುಜರಿಗೆ ಎಳೆದುಕೊಂಡು ಹೋಗುತ್ತಾರೆ. ಹತ್ತೊಂಬತ್ತು ವರ್ಷದ ಕಾರಿಗೆ ಅಯ್ಯೋ ಎನ್ನುವವರಿಲ್ಲ. ಆದರೆ ಸ್ಟೀರಿಂಗ್ ಹಿಡಿದು ಕೂತಿದ್ದ ಹೆಂಗಸಿಗೆ ಬೇರೆ ಜೀವನೋಪಾಯವಿರಲಿಲ್ಲ. ಮೂತ್ರಪಿಂಡ ಕೆಟ್ಟ ರೋಗಿಗಳನ್ನು ವಾರಕ್ಕೆ ಮೂರು ದಿನ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುವುದೇ ಆಕೆಯ ಕೆಲಸ. ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು.

ಪಕ್ಕದಲ್ಲಿ ಕೂತಿದ್ದವನು ಗಂಡನ ಅಣ್ಣ. ಊರಿಗೆಲ್ಲ ಅವನು ಮೈಲೇಜ್ ಮೇಸ್ತ್ರಿ. ಅಣ್ಣತಮ್ಮ ಸೇರಿ ಮೂವತ್ತು ವರ್ಷ ಹಳೆಯ ಕಾರುಗಳ ಗ್ಯಾರೇಜು ನಡೆಸಿದ್ದರು. ತಮ್ಮ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಟೈರುಗಳ ಮೇಲೆ ಕುಸಿದವನು ಮತ್ತೆ ಏಳಲಿಲ್ಲ. ಭಗವಂತ ಕೊಟ್ಟದ್ದನ್ನು ಭಗವಂತನೇ ತೆಗೆದುಕೊಂಡ ಎಂದು ಮೇಸ್ತ್ರಿ ಎಲ್ಲರೆದುರು ಹೇಳುತ್ತಿದ್ದ. ಆದರೂ ಒಬ್ಬನೇ ಗಾಡಿಯ ಕೆಳಗೆ ಮಲಗಿದಾಗ, "ಹದಿನಾಲ್ಕರ ಸ್ಪ್ಯಾನರ್ ಕೊಡೋ" ಎಂದು ಕೈಚಾಚಿ, ಚಾಚಿದ ಕೈಯನ್ನು ಸುಮ್ಮನೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ.

"ಈ ಸಲ ಪಾಸಾಗತ್ತೆ ಅಲ್ವಾ ಭಾವ?"

"ಆಗದೆ ಏನಮ್ಮ? ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು. ಹೋದ ವಾರ ಫಿಲ್ಟರಲ್ಲಿ ಒಂದು ಬುಟ್ಟಿ ಮಣ್ಣಿತ್ತು. ಗಾಡಿ ಉಸಿರು ಕಟ್ಟಿ ಹೊಗೆ ಕಾರದೆ ಇನ್ನೇನು ಮಾಡೀತು?"

ಮೂರನೆಯ ಕೆಲಸವೊಂದನ್ನು ಅವನು ಹೇಳಲಿಲ್ಲ.

ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಒಂದು ಡಬ್ಬವಿರುತ್ತದೆ. ಅದರೊಳಗೆ ಜೇನುಗೂಡಿನಂಥ ಜಾಲರಿ. ಎಂಜಿನ್ ಉಗುಳಿದ ವಿಷಗಾಳಿಯನ್ನು ಆ ಜಾಲರಿ ಸುಟ್ಟು ಶುದ್ಧಮಾಡಿ ಹೊರಗೆ ಬಿಡುತ್ತದೆ. ಅಣ್ಣತಮ್ಮಂದಿರು ಆ ಡಬ್ಬವನ್ನು ಬಿಚ್ಚಿ, ಉದ್ದನೆಯ ಸರಳಿನಿಂದ ಜಾಲರಿಯನ್ನು ಕುಟ್ಟಿ ಪುಡಿಮಾಡಿ ಸುರಿದು, ಪೊಳ್ಳು ಡಬ್ಬವನ್ನೇ ಮತ್ತೆ ಕೂರಿಸುತ್ತಿದ್ದರು. ಇನ್ನು ಎಂಜಿನ್ನಿಗೆ ಉಸಿರು ಸಲೀಸು, ಲೀಟರಿಗೆ ಎರಡು ಕಿಲೋಮೀಟರು ಹೆಚ್ಚು ಎಂದು ಅವರ ಮಾತು. ನಿಜಕ್ಕೂ ಅಷ್ಟು ಸಿಗುತ್ತಿತ್ತೋ ಇಲ್ಲವೋ, ಗಿರಾಕಿಗಳಿಗೆ ಸಿಕ್ಕಂತೆ ತೋರುತ್ತಿತ್ತು. ಮೇಸ್ತ್ರಿಗೆ ಹೆಸರು ಬಂದದ್ದು ಹಾಗೆ.

ಪರೀಕ್ಷೆಯ ದಿನಕ್ಕೆಂದೇ ಗ್ಯಾರೇಜಿನಲ್ಲಿ ಒಂದು ಒಳ್ಳೆಯ ಡಬ್ಬವಿತ್ತು. ಹಿಂದಿನ ದಿನ ಅದನ್ನು ಗಾಡಿಗೆ ಕೂರಿಸುವುದು, ಪಾಸಾದ ಮೇಲೆ ಬಿಚ್ಚಿಡುವುದು. ಎರವಲು ಒಡವೆ ತೊಟ್ಟು ಹಸೆಗೆ ಕೂರುವ ಮದುಮಗಳಂತೆ ಎಂದು ತಮ್ಮ ನಗುತ್ತಿದ್ದ. ಇಂದು ಬೆಳಿಗ್ಗೆ ಮೇಸ್ತ್ರಿ ಈ ಕಾರಿಗೂ ಅದನ್ನೇ ಕೂರಿಸಿದ್ದ. ಊರಿನ ಹಳೆಯ ಗಾಡಿಗಳಿಗೆಲ್ಲ ಮಾಡಿದ್ದನ್ನು ತಮ್ಮ ತನ್ನ ಸ್ವಂತ ಗಾಡಿಗೆ ಮಾಡದೆ ಬಿಟ್ಟಾನೆಯೇ? ಕಾರಿನ ಡಬ್ಬವನ್ನು ಬಿಚ್ಚಿ, ಒಳಗೆ ಇಣುಕಿಯೂ ನೋಡದೆ, ಗೋಡೆಯ ಬದಿಗೆ ಉಳಿದ ಪೊಳ್ಳು ಡಬ್ಬಗಳ ಜೊತೆ ದೂಡಿದ್ದ.

ಮುಂದಿದ್ದ ಟ್ಯಾಕ್ಸಿಯವನು ಇಳಿದು ಮೈಮುರಿಯುತ್ತ ಕಿಟಕಿಯ ಬಳಿಗೆ ಬಂದ.

"ಏನ್ ಮೇಸ್ತ್ರಿ, ನೀವೂ ಸೋಡಾಬುಡ್ಡಿ ಕೈಗೆ ಸಿಕ್ಕೊಂಡ್ರಾ?"

ಸೋಡಾಬುಡ್ಡಿ ಎಂದರೆ ಇನ್‌ಸ್ಪೆಕ್ಟರು. ದಪ್ಪ ಕನ್ನಡಕದ, ಮಾತು ಕಡಿಮೆಯ ಮನುಷ್ಯ, ಬಂದು ಎರಡು ತಿಂಗಳಾಗಿತ್ತಷ್ಟೆ.

"ಹೊಗೆ ನೋಡಿ ಬಿಡ್ತಾರಲ್ಲಪ್ಪ, ಅದಕ್ಕೇನು?"

"ಎಲ್ಲಿ ಬಿಡ್ತಾರೆ! ಹೋದ ವಾರದಿಂದ, ಹೊಗೆ ಪಾಸಾದ ಮೇಲೆ ಗಾಡಿ ಕೆಳಗಿನ ಗುಂಡಿಗೆ ಇಳಿದು ಪ್ರತಿ ಡಬ್ಬಕ್ಕೂ ಉಳಿಯಿಂದ ಮೂರು ಚುಕ್ಕಿ ಹೊಡೀತಾರೆ. ಯಾವ ಗಾಡಿಗೆ ಹೊಡೆದೆ ಅಂತ ಬರೆದೂ ಇಡ್ತಾರೆ. ನಿನ್ನೆ ಒಬ್ಬ ಚುಕ್ಕಿ ಇರೋ ಡಬ್ಬ ಹಾಕ್ಕೊಂಡು ಬಂದು ಸಿಕ್ಕಿಬಿದ್ದ. ಪಾಪ, ಗಾಡಿ ಇಲ್ಲೇ ಬಿಟ್ಟು ನಡ್ಕೊಂಡು ಹೋದ."

ಮೇಸ್ತ್ರಿ ತಿರುಗಿ ಗೇಟಿನ ಕಡೆ ನೋಡಿದ. ಬೆಳಿಗ್ಗೆ ಬೋಲ್ಟು ಬಿಗಿಯುವಾಗ ಡಬ್ಬದ ಅಂಚಿನಲ್ಲಿ ಮೂರು ಸಣ್ಣ ಚುಕ್ಕಿ ಕಂಡಿದ್ದ. ಕಲ್ಲು ಸಿಡಿದಿರಬೇಕು ಅಂದುಕೊಂಡಿದ್ದ. ಹೋದ ಸೋಮವಾರ ಬೇಕರಿಯವನ ವ್ಯಾನು ಇದೇ ಡಬ್ಬದಿಂದ ಪಾಸಾಗಿತ್ತು.

ಹಿಂದೆ ಗೇಟು ಕಿರ್ರೆಂದು ಮುಚ್ಚಿತು.

ಅವನು ಕಾರಿನಿಂದಿಳಿದು ದೂರ ಹೋಗಿ ಗ್ಯಾರೇಜಿಗೆ ಫೋನು ಮಾಡಿದ. ಎತ್ತಿದವನು ವೆಲ್ಡಿಂಗ್ ಕೆಲಸದ ಹಳೆಯ ಗೆಳೆಯ. ಅವನನ್ನು ಎಲ್ಲರೂ ಕಿಡಿ ಎನ್ನುತ್ತಿದ್ದರು.

"ಕಿಡೀ, ಎಲ್ಲಾದರೂ ಒಂದು ಒಳ್ಳೆ ಡಬ್ಬ ಹುಡುಕೋ, ಈಗಲೇ!"

"ಎಲ್ಲಿಂದ ತರಲಿ? ಇಲ್ಲಿರೋದೆಲ್ಲ ಪೊಳ್ಳು. ಬೆಳಿಗ್ಗೆ ಬಿಚ್ಚಿ ಎಸೆದೆಯಲ್ಲ, ಅದು ಮಾತ್ರ ಭಾರ ಇದೆ ಮಾರಾಯ. ಎಡವಿ ಬೆರಳು ಕಿತ್ತುಹೋಗೋದು ತಪ್ಪಿತು."

"ಭಾರ ಅಂದ್ರೆ?"

"ಭಾರ ಅಂದ್ರೆ ಭಾರ. ಕನ್ನಡದಲ್ಲೇ ಹೇಳ್ತಿದೀನಿ."

"ಟಾರ್ಚ್ ಹಾಕಿ ನೋಡು. ಆ ಕಡೆಯಿಂದ ಹಾಕಿ ಈ ಕಡೆಯಿಂದ ನೋಡು."

ಫೋನಿನಲ್ಲಿ ಕಬ್ಬಿಣ ಉರುಳಿದ ಸದ್ದು. ಸಾಲು ಒಂದು ಗಾಡಿಯಷ್ಟು ಮುಂದಕ್ಕೆ ಸರಿಯಿತು. ನೀಲಿ ಕಾರೂ ಸರಿಯಿತು.

"ಮೇಸ್ತ್ರಿ," ಕಿಡಿಯ ದನಿ ಇಳಿದಿತ್ತು. "ಜಾಲರಿ ಹಾಗೇ ಇದೆ ಕಣೋ. ಒಂದು ತೂತೂ ಮುಕ್ಕಾಗಿಲ್ಲ."

ಮೇಸ್ತ್ರಿ ಕಂಬಿ ಹಿಡಿದುಕೊಂಡು ನಿಂತ. ಈ ಕಾರು ಮೈಲೇಜ್ ಕೊಡುವುದಿಲ್ಲ ಎಂದು ಆಕೆ ಎಷ್ಟು ಸಲ ದೂರಿದ್ದಳು! ಉಳಿದವರಿಗೆ ಹದಿನೈದು, ತನಗೆ ಮಾತ್ರ ಹದಿಮೂರು. ಹೆಂಡತಿಯ ಗಾಡಿ ಸರಿಮಾಡಲು ಬರದವನು ನೀನೆಂಥ ಮೆಕ್ಯಾನಿಕ್ ಎಂದು ಮೇಸ್ತ್ರಿಯೂ ತಮ್ಮನನ್ನು ಛೇಡಿಸಿದ್ದ. "ಅದು ಸ್ವಲ್ಪ ಹೊಟ್ಟೆಬಾಕ ಗಾಡಿ ಬಿಡಣ್ಣ" ಎಂದು ತಮ್ಮ ಬೇರೆ ಕಡೆ ನೋಡುತ್ತಿದ್ದ.

"ಸ್ಕೂಟರಲ್ಲಿ ತಗೊಂಡು ಬಾ. ಇಪ್ಪತ್ತು ನಿಮಿಷದಲ್ಲಿ ಬರಬೇಕು. ಬರದೇ ಇದ್ರೆ ಅವಳ ಗಾಡಿ ಹೋಯ್ತು."

ಮುಂದೆ ಉಳಿದದ್ದು ಮೂರು ಗಾಡಿ. ಒಂದಕ್ಕೆ ಎಂಟು ನಿಮಿಷ. ಮೇಸ್ತ್ರಿ ಡಿಕ್ಕಿಯಿಂದ ಜಾಕು, ಸ್ಪ್ಯಾನರು, ಗೋಣಿಚೀಲ ತೆಗೆದ.

"ಏನಾಯ್ತು ಭಾವ?"

"ಒಂದು ಬೋಲ್ಟು ಸಡಿಲ ಇದ್ದ ಹಾಗಿದೆ. ನೀನು ಕೂತಿರಮ್ಮ."

ಆಕೆ ಕೂರಲಿಲ್ಲ. ಎಂಜಿನ್ ನಿಲ್ಲಿಸಿ ಇಳಿದು ಬಂದಳು. ಮೇಸ್ತ್ರಿ ಕಾರೆತ್ತಿ ಕೆಳಗೆ ನುಸುಳಿದ. ಡಬ್ಬ ಕೆಂಡದಂತೆ ಕಾದಿತ್ತು. ಒದ್ದೆ ಗೋಣಿ ಸುತ್ತಿದರೂ ಮೂರನೆಯ ಬೋಲ್ಟಿಗೆ ಅಂಗೈ ಚುರ್ರೆಂದಿತು. ಅವನು ಹಲ್ಲು ಕಚ್ಚಿ ರಾಮ ರಾಮ ಎಂದ. ಮುಂದೆ ಇನ್ನೊಂದು ಗಾಡಿ ಪಾಸಾಗಿ ಹೋದ ಸದ್ದು ಕೇಳಿತು. ಆಮೇಲೆ ಮತ್ತೊಂದು. ಈಗ ಉಳಿದವನು ಟ್ಯಾಕ್ಸಿಯವನೊಬ್ಬನೇ.

"ಟ್ಯಾಕ್ಸಿ, ಬಾರಪ್ಪ ಮುಂದೆ!" ಇನ್‌ಸ್ಪೆಕ್ಟರು ಕೂಗಿದರು.

ಟ್ಯಾಕ್ಸಿಯವನು ಕೆಳಗೆ ಚಾಚಿಕೊಂಡಿದ್ದ ಮೇಸ್ತ್ರಿಯ ಕಾಲುಗಳನ್ನು ನೋಡಿದ. ಒಳಗೆ ಕೂತು ಕೀಲಿ ತಿರುಗಿಸಿದ, ನಿಲ್ಲಿಸಿದ. ಮತ್ತೆ ತಿರುಗಿಸಿದ.

"ಸ್ಟಾರ್ಟೇ ಆಗ್ತಿಲ್ಲ ಸಾರ್! ಬೆಳಿಗ್ಗೆಯಿಂದ ಹಿಂಗೇ ಮುನಿಸ್ಕೊಂಡಿದೆ!"

"ಈಗ ತಾನೇ ಹತ್ತು ಗಜ ಓಡಿಸ್ಕೊಂಡು ಬಂದ್ಯಲ್ಲ?"

"ಅದೇ ನನಗೂ ಆಶ್ಚರ್ಯ ಸಾರ್!"

ಗೇಟಿನ ಹೊರಗೆ ಸ್ಕೂಟರು ಬಂದು ನಿಂತಿತು. ಗೇಟು ತೆರೆಯಲು ಕಾವಲಿನವನು ಒಪ್ಪಲಿಲ್ಲ. ಕಿಡಿ ಡಬ್ಬವನ್ನು ಸರಳುಗಳ ಮೇಲಿಂದ ಎತ್ತಿ ಇಳಿಸಿದ, ಆಕೆ ಓಡಿಹೋಗಿ ಎರಡೂ ತೋಳುಗಳಲ್ಲಿ ತೆಗೆದುಕೊಂಡಳು. ತಿರುಗಿ ಬರುವಷ್ಟರಲ್ಲಿ ಮೇಸ್ತ್ರಿ ಇನ್ನೊಂದನ್ನು ಹೊರಗೆ ಎಳೆದಿದ್ದ. ಆಕೆ ಕೈಯಲ್ಲಿದ್ದದ್ದನ್ನೂ ನೆಲದ ಮೇಲಿದ್ದದ್ದನ್ನೂ ನೋಡಿದಳು.

"ಇದು ಯಾರದು ಭಾವ? ಅದು ಯಾರದು?"

ಮೇಸ್ತ್ರಿ ಎದ್ದು ಕೂತ. ಸುಳ್ಳು ಹೇಳಬಹುದಿತ್ತು, ಹೇಳುವುದಕ್ಕೆ ನಾಲಿಗೆಯೂ ಹೊರಳಿತ್ತು. ಆದರೆ ಆಕೆಯ ತೋಳಲ್ಲಿದ್ದದ್ದು ತಮ್ಮನ ಕೈ ಮುಟ್ಟಿಯೂ ಮುಟ್ಟದೆ ಬಿಟ್ಟ ವಸ್ತು.

"ನಿನ್ನ ಕೈಯಲ್ಲಿರೋದು ನಿನ್ನ ಗಾಡಿದು. ಚೆನ್ನಾಗಿಯೇ ಇದೆ, ನಾನು ನೋಡದೆ ಬಿಚ್ಚಿ ಎಸೆದುಬಿಟ್ಟೆ. ಬೇರೆಯವರದ್ದನ್ನೆಲ್ಲ ನಾವೇ ಕುಟ್ಟಿ ಪೊಳ್ಳು ಮಾಡಿದೀವಿ. ಇದೂ ಪೊಳ್ಳೇ ಅಂದ್ಕೊಂಡೆ."

ನೆರಳೊಂದು ಬಿದ್ದಿತು. ಇನ್‌ಸ್ಪೆಕ್ಟರು ಕಂಬಿಯಾಚೆ ನಿಂತಿದ್ದರು. ಬಗ್ಗಿ, ಗೋಣಿಯನ್ನು ಪೆನ್ನಿನಿಂದ ಸರಿಸಿ, ಮೂರು ಚುಕ್ಕಿಗಳನ್ನು ನೋಡಿದರು. ಅವರು ಕೋಪಗೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಇದು ಯಾವ ಗಾಡಿದು?"

"ಎಲ್ಲಾ ಗಾಡಿದು ಸಾರ್," ಎಂದ ಮೇಸ್ತ್ರಿ.

ಟ್ಯಾಕ್ಸಿಯ ಎಂಜಿನ್ ತಾನಾಗಿಯೇ ಸ್ಟಾರ್ಟಾಯಿತು.

"ಗುಂಡಿ ಮೇಲೆ ಬರೋ ಮುಂಚೆ ಭಾಗ ಬದಲಾಯಿಸಿದರೆ ಗಾಡಿಯ ತಪ್ಪಲ್ಲ," ಇನ್‌ಸ್ಪೆಕ್ಟರು ನಿಧಾನವಾಗಿ ಹೇಳಿದರು. "ಬಿಚ್ಚಿದ್ದನ್ನ ನನಗೆ ಒಪ್ಪಿಸಬೇಕು. ಏನು, ಎಲ್ಲಿಂದ ಬಂತು, ಯಾರು ಹಾಕಿದ್ದು, ಬರೆದು ಸಹಿ ಹಾಕಬೇಕು. ಆಮೇಲೆ ಗ್ಯಾರೇಜಿನ ಪರವಾನಗಿ ಬಗ್ಗೆ ಮೇಲಿನವರು ತೀರ್ಮಾನ ಮಾಡ್ತಾರೆ. ಬರೀತೀರಾ?"

"ಬರೆದರೆ ಇವಳ ಗಾಡಿ?"

"ಹೊಗೆ ಸರಿ ಇದ್ದರೆ ಪಾಸು. ಇಲ್ಲದಿದ್ದರೆ ಇಲ್ಲ."

ಅಂಗೈ ಸುಟ್ಟದ್ದರಿಂದ ಪೆನ್ನು ಹಿಡಿಯಲಾಗಲಿಲ್ಲ. ಎಡಗೈಯಲ್ಲಿ, ಒಂದನೆಯ ತರಗತಿಯವರಂತೆ ಸೊಟ್ಟಸೊಟ್ಟಗೆ ಬರೆದು ಸಹಿ ಹಾಕಿದ. ಗಾಡಿಯ ಡಬ್ಬವನ್ನು ಆಕೆಯೇ ಕೆಳಗೆ ಮಲಗಿ ಕೂರಿಸಿ, ಅವನು ಹೇಳಿದಂತೆ ಬೋಲ್ಟು ಬಿಗಿದಳು.

ಎಂಜಿನ್ ಬಿಸಿಯಾಗುವವರೆಗೆ ಕಾದರು. ಹೊಗೆಕೊಳವೆಯೊಳಗೆ ನಳಿಕೆ ತೂರಿಸಿದರು. ಯಂತ್ರದಲ್ಲಿ ಅಂಕೆಗಳು ಏರಿದವು. ಮಿತಿಯ ಗೆರೆಯನ್ನೂ ದಾಟಿದವು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ.

"ಇನ್ನೊಂದು ನಿಮಿಷ ತಡೀರಿ. ಜಾಲರಿ ಕಾಯಬೇಕು," ಎಂದರು ಇನ್‌ಸ್ಪೆಕ್ಟರು.

ಅಂಕೆಗಳು ಇಳಿಯತೊಡಗಿದವು, ಗೆರೆಯ ಮೇಲೆ ನಿಂತವು, ಮತ್ತೆ ಇಳಿದವು. ಇನ್‌ಸ್ಪೆಕ್ಟರು ಗುಂಡಿಗೆ ಇಳಿದರು. ಕೆಳಗಿನಿಂದ ಸುತ್ತಿಗೆಯ ಮೂರು ಪೆಟ್ಟು ಕೇಳಿತು.

ಪತ್ರ ಕೈಗೆ ಬಂದು ರಸ್ತೆಗೆ ಇಳಿದಾಗ ಐದೂಕಾಲು. ಆಸ್ಪತ್ರೆಯಿಂದ ಒಬ್ಬರನ್ನು ಆರಕ್ಕೆ ಕರೆದೊಯ್ಯಬೇಕಿತ್ತು. ಸಿಗ್ನಲಿನಲ್ಲಿ ಆಕೆ ಗಾಡಿ ನಿಲ್ಲಿಸಿದಳು.

"ನಿಮ್ಮ ತಮ್ಮ ನಮ್ಮ ಗಾಡಿದು ಮಾತ್ರ ಕುಟ್ಟದೆ ಬಿಟ್ಟಿದ್ರು."

"ಹೂಂ. ದಿನವಿಡೀ ನೀನು ಟ್ರಾಫಿಕ್ಕಲ್ಲಿ ಕೂರ್ತೀಯ, ಹಿಂದೆ ರೋಗಿಗಳಿರ್ತಾರೆ, ಆ ವಿಷ ನಿಮ್ಮ ಮೂಗಿಗೆ ಹೋಗಬಾರದು ಅಂತ ಇರಬೇಕು. ಪ್ರೀತಿ ಇತ್ತಮ್ಮ ಅವನಿಗೆ."

"ಅದು ನನಗೂ ಗೊತ್ತು ಭಾವ." ಆಕೆಯ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಹಾಗಾದ್ರೆ ಅದು ಕೆಟ್ಟದ್ದು ಅನ್ನೋದೂ ಅವರಿಗೆ ಗೊತ್ತಿತ್ತು."

ಮೇಸ್ತ್ರಿ ಸುಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಗೊತ್ತಿರಲಿಲ್ಲ ಎಂದು ತಮ್ಮನ ಪರವಾಗಿ ಹೇಳುವ ಹಾಗಿರಲಿಲ್ಲ. ತನ್ನ ಪರವಾಗಿಯೂ ಹೇಳುವ ಹಾಗಿರಲಿಲ್ಲ.

"ಬೇಕರಿಯವರ ವ್ಯಾನೂ ನಿಮ್ಮ ಗ್ಯಾರೇಜಿಗೇ ಬರೋದು. ಅವರ ಎಳೆಗೂಸು ದಿನಾ ಅದರಲ್ಲಿ ಮುಂದೆ ಕೂತಿರತ್ತೆ, ಅಲ್ವಾ?" ಎಂದಳು ಆಕೆ.

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಆಕೆ ಗೇರು ಹಾಕಿದಳು.

"ಆಸ್ಪತ್ರೆಗೆ ಇನ್ನೂ ಮುಕ್ಕಾಲು ಗಂಟೆ ಇದೆಯಲ್ಲಮ್ಮ," ಎಂದ ಮೇಸ್ತ್ರಿ. "ಎಡಕ್ಕೆ ತಗೋ. ಬೇಕರಿ ಮುಂದೆ ನನ್ನನ್ನ ಇಳಿಸು. ನೀನು ಬರಬೇಡ. ನಾನೇ ಹೇಳ್ತೀನಿ."