ಮೊದಲ ಹೆಸರಿಲ್ಲದ ಅರ್ಜಿ

ಐದೂವರೆಗೆ ಕಾರ್ಖಾನೆಯ ವಿಸ್ತರಣೆಗೆ ಆಕ್ಷೇಪಣೆ ಕೊಡುವ ಗಡುವು ಮುಗಿಯುವುದಿತ್ತು. ಕೊಪ್ಪಳದ ಸರಕಾರಿ ಕಚೇರಿಯ ಗಡಿಯಾರದಲ್ಲಿ ಆಗಲೇ ಐದು ಹತ್ತು. ಗುಮಾಸ್ತ ಪ್ರಭುರಾಜ ಅರ್ಜಿಯನ್ನು ಅಡ್ಡ ಹಿಡಿದ, ಉದ್ದ ಹಿಡಿದ, ತಲೆಕೆಳಗು ಮಾಡಿ ನೋಡಿದ.

"ಇದರ ತಲಿ ಯಾವುದು, ಬಾಲ ಯಾವುದ್ರೀ?"

"ಎರಡೂ ಇಲ್ಲೋ ಯಪ್ಪಾ," ಅಂದಳು ಮುದುಕಿ ಬಸವಣ್ಣೆಮ್ಮ. "ರೊಟ್ಟಿ ಹಂಚು ಬೋರಲ ಹಾಕಿ ಗೆರಿ ಹೊಡದೇವಿ. ಸುತ್ತ ತೊಂಬತ್ತಾರು ಮಂದಿ ಅದೀವಿ. ಎಣಿಸ್ಕೋ."

ಹಿಂದೆ ನಿಂತ ಹೆಂಗಸರು ಕಿಸಕ್ಕನೆ ನಕ್ಕರು. ಅವರ ನಡುವಿದ್ದ ಉಜ್ಮಾ ನಗಲಿಲ್ಲ. ಬಾಗಿಲಲ್ಲಿದ್ದ ಪೊಲೀಸಿನವನ ಮೊಬೈಲು ವಿಡಿಯೋ ಹಿಡಿಯುತ್ತ ಒಂದೊಂದೇ ಮುಖದ ಮೇಲೆ ಸರಿಯುತ್ತಿತ್ತು. ದುಪಟ್ಟಾ ಮುಂದೆಳೆದುಕೊಂಡಳು.

ಆ ದುಂಡನೆಯ ಅರ್ಜಿ ಅವಳದೇ ಯೋಚನೆ. ಊರ ಪಕ್ಕದ ಉಕ್ಕಿನ ಕಾರ್ಖಾನೆ ಮೂರು ಪಟ್ಟು ಬೆಳೆಯಲು ಹೊರಟಿತ್ತು. ಅದರ ಹೊಗೆಗೆ ಈಗಲೇ ಒಣಹಾಕಿದ ಬಟ್ಟೆ, ಮುಚ್ಚಿಟ್ಟ ಹಾಲು, ಕೂಸಿನ ಮೂಗು ಎಲ್ಲ ಕರಿ. ಹೋದ ವರ್ಷದ ಅರ್ಜಿಗೆ ಮೊದಲ ಸಹಿ ಹಾಕಿದ ಗಿಡ್ಡಪ್ಪ ನಾಲ್ಕು ಕೇಸು ಹೊತ್ತು ಇನ್ನೂ ಕೋರ್ಟಿಗೆ ಅಲೆಯುತ್ತಿದ್ದ. ಆಮೇಲೆ ಮೊದಲು ಪೆನ್ನು ಹಿಡಿಯುವವರೇ ಇರಲಿಲ್ಲ. ಭಾನುವಾರದ ಓದಿನ ಕೂಟದಲ್ಲಿ ಉಜ್ಮಾ ಹಳೆಯ ದಂಗೆಗಳ ಕಥೆ ಓದುತ್ತಿದ್ದಳು. ಹದಿನೆಂಟುನೂರಾ ಐವತ್ತೆಂಟರಲ್ಲಿ ಇದೇ ಕೊಪ್ಪಳ ಕೋಟೆಯಲ್ಲಿ ಬಂಡೆದ್ದವರು ಗಲ್ಲಿಗೇರಿದ್ದು. ಮುಂದಾಳು ಯಾರೆಂದು ದೊರೆಗೆ ತಿಳಿಯದಿರಲೆಂದು ಜಪಾನಿನ ರೈತರು ಬಿಚ್ಚಿದ ಛತ್ರಿಯ ಕಡ್ಡಿಗಳ ಹಾಗೆ ಸುತ್ತಲೂ ಹೆಸರು ಬರೆದದ್ದು. ಕೇಳಿದ್ದೇ ತಡ, ಬಸವಣ್ಣೆಮ್ಮ ಮನೆಗೆ ಹೋಗಿ ಹಂಚು ತಂದಿದ್ದಳು.

ಮುಂದಿನ ಪುಟವನ್ನು ಉಜ್ಮಾ ಅವರಿಗೆ ಓದಿ ಹೇಳಿರಲಿಲ್ಲ. ಅಷ್ಟು ಮಾಡಿಯೂ ಅರ್ಜಿ ಒಯ್ಯಲು ಒಬ್ಬ ಬೇಕಾಗಿತ್ತು. ಒಯ್ದವನ ತಲೆ ಹೋಗಿತ್ತು. ಹೆಂಗಸರು ಹೆದರಿಯಾರೆಂದು ಪುಸ್ತಕ ಮುಚ್ಚಿದ್ದಳು. ಹೆದರಿದ್ದು ತಾನೇ.

"ನೋಡ್ರಿ," ಪ್ರಭುರಾಜ ಕಂಪ್ಯೂಟರಿನತ್ತ ತಿರುಗಿದ, "ಇದು ಒಂದನೇ ಅರ್ಜಿದಾರರ ಹೆಸರು ಕೇಳತೈತಿ. ಹಾಕದಿದ್ರ ರಸೀದಿ ಬರಂಗಿಲ್ಲ. ರಸೀದಿ ಇಲ್ಲಂದ್ರ ನೀವು ಬಂದೇ ಇಲ್ಲ."

"ನನ್ನ ಹೆಸರು ಹಾಕು," ಅಂದಳು ಬಸವಣ್ಣೆಮ್ಮ. "ಜೈಲಿನ್ಯಾಗಾದ್ರೂ ರೊಟ್ಟಿ ಬಡಿಯೂದು ತಪ್ಪತೈತಿ."

"ಫೋನ್ ನಂಬರ ಹೇಳಬೇ ಯಮ್ಮಾ. ಅದಕ್ಕ ಓಟಿಪಿ ಬರತೈತಿ."

ಬಸವಣ್ಣೆಮ್ಮನ ಮನೆಯ ಫೋನು ಮಗನ ಕೈಯಲ್ಲಿ. ಮಗ ಕಾರ್ಖಾನೆಯ ಗೇಟು ಕಾಯುತ್ತಿದ್ದ. ಹಿಂದೆ ತಿರುಗಿದಳು. ಒಬ್ಬಾಕಿಯದು ಗಂಡನ ಹತ್ತಿರ, ಇನ್ನೊಬ್ಬಾಕಿಯದು ಮೈದುನನ ಹತ್ತಿರ. ಐದು ಇಪ್ಪತ್ತು.

ಉಜ್ಮಾಳ ಕೈಚೀಲದಲ್ಲಿ ಅವಳದೇ ಫೋನಿತ್ತು. ಅದೇ ನಂಬರು ಅವಳು ಕಲಿಸುವ ಸಾಲಿಯ ದಾಖಲೆಯಲ್ಲೂ ಇತ್ತು. ಅವಳು ಅತಿಥಿ ಶಿಕ್ಷಕಿ. ಜೂನಿನಲ್ಲಿ ಮತ್ತೆ ಕರೆಯದಿದ್ದರೆ ಯಾಕೆಂದು ಕೇಳುವ ಹಾಗಿಲ್ಲ. ಅಮ್ಮಿಯೂ ತಮ್ಮನೂ ಉಣ್ಣುವುದು ಆ ಸಂಬಳದಲ್ಲೇ.

"ನೀ ಸುಮ್ನಿರು," ಬಸವಣ್ಣೆಮ್ಮ ಅವಳ ಮಣಿಕಟ್ಟು ಹಿಡಿದಳು. "ಬ್ಯಾರೆ ಏನರ ಮಾಡೂಣು."

"ಹತ್ತು ನಿಮಿಷದಾಗ ಏನ್ ಮಾಡ್ತೀರಿ ಅಮ್ಮಾ?"

ಪೊಲೀಸಿನವನು ಹತ್ತಿರ ಬಂದ. "ನೀವು ಟೀಚರಲ್ಲೇನ್ರಿ? ವಿಚಾರ ಮಾಡ್ರಿ." ಗದರಿಕೆಯೋ ಕಳಕಳಿಯೋ, ತಿಳಿಯಲಿಲ್ಲ. ಮೊಬೈಲು ಮಾತ್ರ ಕೆಳಗಿಳಿಯಲಿಲ್ಲ.

ಉಜ್ಮಾ ತನ್ನ ಹೆಸರು, ನಂಬರು ಹೇಳಿದಳು. ಫೋನು ಅಲುಗಿತು. ಆರು ಅಂಕಿ ಓದುವಾಗ ಎರಡನೆಯದಕ್ಕೆ ತಪ್ಪಿದಳು. ಮತ್ತೆ ಮೊದಲಿನಿಂದ ಓದಿದಳು. ಐದು ಇಪ್ಪತ್ತೆಂಟಕ್ಕೆ ರಸೀದಿ ಹೊರಬಿತ್ತು.

ಬಸವಣ್ಣೆಮ್ಮ ಅದನ್ನು ಕಣ್ಣಿಗೆ ಹತ್ತಿರ ತಂದಳು. "ನಾವೆಲ್ಲಾ ಎಲ್ಲಿ ಅದೀವಿ ಇದರಾಗ?"

"ನಂದೊಂದೇ ಐತಿ ಅಮ್ಮಾ. ನೀವೆಲ್ಲಾ 'ಇತರರು'."

ಮುದುಕಿ ರಸೀದಿ ಮಡಚಿ ಉಜ್ಮಾಳ ಕೈಗಿಟ್ಟಳು. "ನಾಳಿ ನಿನ್ನ ಕೂಡ ಸಾಲಿಗೆ ಬರ್ತೀವಿ. ಎಲ್ಲಾರೂ."

"ಬಂದು ಏನ್ ಮಾಡ್ತೀರಿ?"

"ಗೊತ್ತಿಲ್ಲ. ನಿಂದರ್ತೀವಿ."